ನೀಲಿ ವ್ಯಾನಿನ ಹಾರ್ನು

ಹಾರ್ನು ಬದಲಾಯಿಸಿಬಿಡಿ ಎಂದು ಮೇಸ್ತ್ರಿ ಎರಡು ಸಲ ಹೇಳಿದ್ದ, ನನ್ನ ಹೆಂಡತಿ ಒಂದು ಸಲ ಹೇಳಿದ್ದಳು. ಬೇಡವೆಂದವನು ನಾನು. ಮುಂದೆ ನಡೆದದ್ದಕ್ಕೆಲ್ಲ ಯಾರು ಹೊಣೆ ಎಂಬ ಪ್ರಶ್ನೆಯನ್ನು ಮೊದಲೇ ಇತ್ಯರ್ಥ ಮಾಡಿಕೊಂಡು ಕಥೆಗೆ ಬರುವುದು ಒಳ್ಳೆಯದು. ಇಲ್ಲದಿದ್ದರೆ ಕೊನೆಯವರೆಗೂ ನನಗೆ ಅದೇ ಚಿಂತೆಯಾಗುತ್ತದೆ.

ನಾನು ದಾರದ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ಸ್ಟೋರ್ ಕೀಪರ್ ಆಗಿದ್ದೆ. ನನ್ನ ಹೆಂಡತಿ ಅದೇ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದಳು. ಗಿರಣಿ ಮುಚ್ಚಿದ ದಿನ ಇಬ್ಬರೂ ಒಟ್ಟಿಗೇ ಮನೆಗೆ ಬಂದೆವು. ಒಂದು ವಾರ ನಾನು ಕಿಟಕಿಯಾಚೆ ನೋಡುತ್ತಾ ಕುಳಿತೆ. ಅವಳು ಎಂಟನೆಯ ದಿನ, "ರೀ, ನೂರು ಜನಕ್ಕೆ ಬೇಯಿಸಿದ ಕೈ ಇದು. ಇಬ್ಬರಿಗೆ ಬೇಯಿಸೋಕೆ ಉಪ್ಪಿನ ಅಂದಾಜೇ ಸಿಗ್ತಿಲ್ಲ. ಏನಾದ್ರೂ ಮಾಡೋಣ" ಎಂದಳು. ಹೀಗೆ ವ್ಯಾನು ಬಂತು.

ಗುಜರಿಯವನ ಅಂಗಳದ ಮೂಲೆಯಲ್ಲಿ ಚಕ್ರವಿಲ್ಲದೆ ಕುಳಿತಿದ್ದ ಹಳೆಯ ಡೆಲಿವರಿ ವ್ಯಾನು ಅದು. ಊರಿನ ಆ ಕಡೆಯ ಒಂದು ಲಾಂಡ್ರಿಯದ್ದಂತೆ. ಲಾಂಡ್ರಿ ಎಂಟು ತಿಂಗಳ ಹಿಂದೆ ನಿಂತಿತ್ತು. ಬಾಗಿಲಿಗೆ "ಕೆಲವು ದಿನ ರಜೆ" ಎಂಬ ಬೋರ್ಡು ಮಾತ್ರ ಇನ್ನೂ ತೂಗುತ್ತಿತ್ತಂತೆ. ಇದನ್ನು ಗುಜರಿಯವನೇ ಹೇಳಿದ್ದ. ಒಳಗೆ ಎರಡು ತಂತಿ ಹ್ಯಾಂಗರು, ಹದಿನೇಳು ಗುಂಡಿ ಸಿಕ್ಕವು. ಲಾಂಡ್ರಿಯ ಗಾಡಿಯಲ್ಲಿ ಊಟ ಕೊಡುವುದು ಸರಿಯೇ ಎಂದು ನನಗೆ ಮೂರು ರಾತ್ರಿ ನಿದ್ದೆ ಬರಲಿಲ್ಲ. ಸೋಡಾ ಹಾಕಿ ನಾಲ್ಕು ಸಲ ತೊಳೆದೆ. ನಾಲ್ಕನೆಯ ಸಲದ ನೀರು ಮೂರನೆಯ ಸಲದ ನೀರಿಗಿಂತ ಸ್ವಚ್ಛವಾಗಿತ್ತೋ ಇಲ್ಲವೋ ಎಂಬ ಅನುಮಾನದಿಂದ ಐದನೆಯ ಸಲವೂ ತೊಳೆದೆ.

ರಿಪೇರಿ ಮಾಡಿದವನನ್ನು ಎಲ್ಲರೂ ಕರೆಯುವುದು 'ಆಗುತ್ತೆ ಮೇಸ್ತ್ರಿ' ಎಂದೇ.

"ಇಂಜಿನ್ನು ಜಾಮ್ ಆಗಿದೆಯಲ್ಲ ಮೇಸ್ತ್ರಿ?"

"ಆಗುತ್ತೆ ಸಾರ್."

"ತಳವೆಲ್ಲ ತುಕ್ಕು ತಿಂದಿದೆ."

"ಆಗುತ್ತೆ."

"ಇನ್ನೊಂದು ತಿಂಗಳಲ್ಲಿ ಮುಗಿಯುತ್ತಾ?"

"ಅದು ಹೇಳೋಕಾಗಲ್ಲ ಸಾರ್."

ಅವನು ತಳಕ್ಕೆ ಹೊಸ ತಗಡು ಬೆಸೆದ. ಪಕ್ಕದಲ್ಲಿ ಬಡಿಸುವ ಕಿಟಕಿ ಕತ್ತರಿಸಿದ. ಸ್ಟೀಲಿನ ಕಟ್ಟೆ, ನಲ್ಲಿ, ಒವನ್ನು, ಐಸ್ ಪೆಟ್ಟಿಗೆ ಕೂಡಿಸಿದ. ಹೊಗೆ ಹೋಗಲು ಮೇಲೊಂದು ತೂತು ಬೇಕಿತ್ತು. ನೋಡಿದರೆ ವ್ಯಾನಿನ ಚಾವಣಿಯಲ್ಲಿ ಎರಡಡಿ ಚೌಕದ ಮುಚ್ಚಳ ಆಗಲೇ ಇತ್ತು. "ಕೊರೆಯೋ ಕೆಲಸ ಉಳೀತು ಸಾರ್" ಎಂದ ಮೇಸ್ತ್ರಿ. ಲಾಂಡ್ರಿ ವ್ಯಾನಿಗೆ ನೆತ್ತಿಯ ಮೇಲೆ ಬಾಗಿಲು ಯಾಕಿತ್ತು ಎಂದು ಅವನೂ ಕೇಳಲಿಲ್ಲ, ಎಲ್ಲವನ್ನೂ ಕೇಳುವ ನಾನೂ ಕೇಳಲಿಲ್ಲ.

ಬಣ್ಣ ಹಳೆಯ ನೀಲಿಯೇ ಇರಲಿ ಎಂದೆ. ಹಾರ್ನೂ ಹಳೆಯದೇ ಇರಲಿ ಎಂದೆ. ಅದು ಸಾಮಾನ್ಯ ಹಾರ್ನಲ್ಲ. ಒಮ್ಮೆ ಒತ್ತಿದರೆ ಪೇಂ-ಪಾಂ-ಪೇಂ ಎಂದು ಮೂರು ಸ್ವರ ಹೊರಡಿಸುತ್ತಿತ್ತು. ಸಂಜೆ ಕಾಲೇಜಿನ ಇತಿಹಾಸದ ತರಗತಿಯಲ್ಲಿ 'ಜೀರ್ಣೋದ್ಧಾರ' ಎಂಬ ಪದ ಕಲಿತಿದ್ದೆ. ಹತ್ತು ವರ್ಷವಾದರೂ ಅದನ್ನು ಬಳಸುವ ಅವಕಾಶ ಬಂದಿರಲಿಲ್ಲ.

"ಜೀರ್ಣೋದ್ಧಾರ ಅಂದ್ರೆ ಇರೋದನ್ನ ಉಳಿಸೋದು ಕಣೇ. ಹಾರ್ನು ಕಿತ್ತರೆ ಅದು ಬರೀ ರಿಪೇರಿ."

"ಜನ ಹಾರ್ನು ತಿನ್ನಲ್ಲ ರೀ" ಎಂದಳು ಹೆಂಡತಿ. ಅಷ್ಟಕ್ಕೆ ಬಿಟ್ಟಳು.

ದೊಡ್ಡಾಸ್ಪತ್ರೆಯ ಗೇಟಿನೆದುರು ಊಟದ ಗಾಡಿಗೆ ಒಂದೇ ಒಂದು ಜಾಗ ಖಾಲಿಯಿತ್ತು. ಅರ್ಜಿ ಹಾಕಿದವರಲ್ಲಿ ನಮ್ಮದು ಮೊದಲ ಹೆಸರು, ಒಬ್ಬ ಜ್ಯೂಸಿನವನದು ಎರಡನೆಯದು. ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಆರೋಗ್ಯ ಇನ್‌ಸ್ಪೆಕ್ಟರ್ ಮೇಡಂ ಅದೇ ಜಾಗಕ್ಕೆ ಬಂದು ಗಾಡಿ ತಪಾಸಣೆ ಮಾಡುತ್ತಾರೆ, ಹನ್ನೆರಡಕ್ಕೆ ಫೈಲು ಮುಚ್ಚುತ್ತದೆ, ಅಷ್ಟರೊಳಗೆ ಪಾಸಾಗದಿದ್ದರೆ ಜಾಗ ಎರಡನೆಯವನಿಗೆ, ಎಂದು ಪತ್ರ ಬಂದಿತ್ತು. ಆ ಪತ್ರವನ್ನು ನಾನು ಎಷ್ಟು ಸಲ ಓದಿದ್ದೆನೆಂದರೆ ಮಡಿಕೆಯ ಜಾಗದಲ್ಲಿ ಅದು ಎರಡು ಹೋಳಾಗಿತ್ತು.

ಆ ದಿನ ಬೆಳಿಗ್ಗೆಯೇ ಹೆಂಡತಿ ಸೂಪಿನ ದೊಡ್ಡ ಪಾತ್ರೆಗಳು, ಬ್ರೆಡ್ಡಿನ ಬುಟ್ಟಿಯ ಜೊತೆ ಆಸ್ಪತ್ರೆಯ ಗೇಟಿಗೆ ಹೋದಳು. ನಾನು ಷೆಡ್ಡಿನಿಂದ ವ್ಯಾನು ತರಬೇಕು. ಹೊರಡುವಾಗ ಮೇಸ್ತ್ರಿ ಕಿಟಕಿಯಲ್ಲಿ ತಲೆ ತೂರಿಸಿದ.

"ಸಾರ್, ಸ್ಪ್ರಿಂಗ್ ಪಟ್ಟಾ ಹೊಸದು. ಹಿಂದುಗಡೆ ದಬ್ ದಬ್ ಅನ್ನುತ್ತೆ. ಹೆದರ್ಕೋಬೇಡಿ."

"ಸರಿ."

"ಇಂಜಿನ್ ಮಾತ್ರ ಆಫ್ ಮಾಡಬೇಡಿ. ಆಫ್ ಮಾಡಿದ್ರೆ…"

"ಮಾಡಿದ್ರೆ?"

ಈ ಸಲ ಅವನು 'ಆಗುತ್ತೆ' ಎನ್ನಲಿಲ್ಲ. ಸುಮ್ಮನೆ ಬಾನೆಟ್ಟಿನ ಮೇಲೆ ಎರಡು ಸಲ ತಟ್ಟಿ ಹಿಂದೆ ಸರಿದ.

ಹತ್ತೂಕಾಲಿಗೆ ಹೊರಟೆ. ನಿಯಮಾವಳಿಯಲ್ಲಿ "ಗ್ಯಾಸ್ ಸಿಲಿಂಡರ್ ಇರುವ ವಾಹನದ ಗಾಳಿಕಿಂಡಿ ಸದಾ ತೆರೆದಿರತಕ್ಕದ್ದು" ಎಂದಿದ್ದುದರಿಂದ ಚಾವಣಿಯ ಮುಚ್ಚಳ ಪೂರ್ತಿ ತೆರೆದಿಟ್ಟಿದ್ದೆ. ಸಿಲಿಂಡರಿಗೆ ಇನ್ನೂ ಸಂಪರ್ಕವನ್ನೇ ಕೊಟ್ಟಿರಲಿಲ್ಲ, ಆದರೆ ನಿಯಮ ನಿಯಮವೇ. ಚಾಲನೆಯ ಕೈಪಿಡಿಯಲ್ಲಿ "ತಿರುವುಗಳಲ್ಲಿ ಹಾರ್ನ್ ಮಾಡತಕ್ಕದ್ದು" ಎಂದಿದೆ, ಎಷ್ಟು ಸಲ ಎಂದಿಲ್ಲ. ಒಂದು ಸಲ ಒತ್ತಿದರೆ ಯಾರಿಗಾದರೂ ಕೇಳಿಸದೇ ಹೋಗಬಹುದು, ಎರಡು ಸಲವಾದರೆ ಅವರಿಗೆ ಅನುಮಾನ ಉಳಿಯಬಹುದು. ಹಾಗಾಗಿ ಪ್ರತಿ ತಿರುವಿನಲ್ಲೂ ಮೂರು ಸಲ ಒತ್ತಿದೆ.

ದಾರಿ ಹಳೇ ಕ್ವಾರ್ಟರ್ಸಿನ ಒಳಗಿಂದ ಹಾದುಹೋಗುತ್ತದೆ. ಇಕ್ಕೆಲದಲ್ಲೂ ನಾಲ್ಕಂತಸ್ತಿನ ಮನೆಗಳು. ರಸ್ತೆ ಎಷ್ಟು ಇಕ್ಕಟ್ಟೆಂದರೆ ಬಾಲ್ಕನಿಗಳು ವ್ಯಾನಿನ ತಲೆಯ ಮೇಲೇ ಚಾಚಿಕೊಂಡಿವೆ. ಅಲ್ಲಿ ಆರು ತಿರುವು. ಪ್ರತಿ ತಿರುವಿನಲ್ಲೂ ನಡಿಗೆಯ ವೇಗಕ್ಕಿಳಿದು ಹಾರ್ನು ಒತ್ತಿದೆ. ಹಿಂದುಗಡೆ ದಬ್ ಎಂದಿತು. ಮುಂದಿನ ತಿರುವಿನಲ್ಲಿ ದಬ್, ದಬ್ ಎಂದಿತು. ಪಟ್ಟಾ ಹೊಸದು, ಹೆದರಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಬಾಲ್ಕನಿಯೊಂದರಿಂದ ಒಬ್ಬಾಕೆ ಕೈ ಬೀಸಿದರು. ಇನ್ನೊಂದರಿಂದ ಹಿರಿಯರೊಬ್ಬರು, "ಅಂತೂ ಬಂದ್ರಲ್ಲಪ್ಪ" ಎಂದರು. ಹೊಸ ಉದ್ಯಮಕ್ಕೆ ಜನ ಇಷ್ಟು ಪ್ರೀತಿ ತೋರಿಸುತ್ತಾರೆಂದು ನಾನು ಎಣಿಸಿರಲಿಲ್ಲ. ಕಣ್ಣು ಒದ್ದೆಯಾಯಿತು. ನಾನೂ ಕೈ ಬೀಸಿ ಹಾರ್ನು ಒತ್ತಿದೆ. ದಬ್.

ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಿಡಿದ. ವ್ಯಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನನ್ನ ಕಿಟಕಿಗೆ ಬಂದ.

"ಊಟದ ಗಾಡಿನಾ?"

"ಹೌದು ಸಾರ್. ಇವತ್ತೇ ಶುರು."

"ಏನಡುಗೆ?"

"ತರಕಾರಿ ಸೂಪು, ಬ್ರೆಡ್ಡು."

"ಮತ್ತೆ ಚಿಮಣಿಯಲ್ಲಿ ಹೊಗೆ ಬದಲು ಪೈಜಾಮ ಯಾಕೆ ಹಾರಾಡ್ತಿದೆ?"

ಇಂಜಿನ್ನು ಆಫ್ ಮಾಡದೆ ಇಳಿದು ಹಿಂಬಾಗಿಲು ತೆರೆದೆ. ಐದು ಸಲ ತೊಳೆದ ನನ್ನ ಅಡುಗೆಮನೆಯಲ್ಲಿ, ಸ್ಟೀಲಿನ ಕಟ್ಟೆಯ ಮೇಲೆ, ನೆಲದ ಮೇಲೆ, ನಲ್ಲಿಯ ಬಟ್ಟಲಿನೊಳಗೆ, ಮಾಸಿದ ಬಟ್ಟೆಯ ಗಂಟುಗಳು ಕೂತಿದ್ದವು. ಪ್ರತಿ ಗಂಟಿಗೂ ಒಂದು ಚೀಟಿ ಕಟ್ಟಿತ್ತು: ಮನೆ ನಂಬರು, ಎಷ್ಟು ಬಟ್ಟೆ, ಯಾವುದಕ್ಕೆ ಗಂಜಿ. ಒಂದು ಗಂಟು ಬಿಚ್ಚಿಕೊಂಡು ಅದರ ಪೈಜಾಮದ ಕಾಲು ಕಿಂಡಿಯ ಅಂಚಿಗೆ ಸಿಕ್ಕಿ ಗಾಳಿಗೆ ಹಾರುತ್ತಿತ್ತು.

ಪೊಲೀಸಿನವನು ಇಣುಕಿ ನೋಡಿ, "ಓ, ಲಾಂಡ್ರಿ ವ್ಯಾನು ಇದು. ನಮ್ಮತ್ತೇನೂ ಇದಕ್ಕೇ ಹಾಕ್ತಿದ್ರು. ಮೂರು ಹಾರ್ನು ಕೇಳಿದ ತಕ್ಷಣ ಬಾಲ್ಕನಿಯಿಂದ ಗಂಟು ಬಿಡೋದು, ಸೀದಾ ಒಳಗೆ. ಮೆಟ್ಟಿಲಿಳಿಯೋ ಕೆಲಸವಿಲ್ಲ" ಎಂದ. ನಾನು ಇದನ್ನು ಒಗೆದ ಬಟ್ಟೆ ಕೊಡುವ ಗಾಡಿ ಎಂದುಕೊಂಡಿದ್ದೆ. ಕೊಡಬೇಕಾದರೆ ಮೊದಲು ತೆಗೆದುಕೊಳ್ಳಬೇಕಲ್ಲ ಎಂಬುದು ಹೊಳೆದೇ ಇರಲಿಲ್ಲ.

ಗಂಟೆ ಹತ್ತು ನಲವತ್ತು. ವಾಪಸು ಹೋಗೋಣವೆಂದರೆ ಏಕಮುಖ ರಸ್ತೆ. ಇಲ್ಲೇ ಇಳಿಸಿ ಹೋಗೋಣವೆಂದರೆ ಪರರ ಬಟ್ಟೆ. ಹೆಂಡತಿಗೆ ಫೋನ್ ಮಾಡಿದೆ.

"ರೀ, ಎಲ್ಲಿದ್ದೀರಿ? ಮೇಡಂ ಆಗಲೇ ಬಂದು ಗಡಿಯಾರ ನೋಡ್ತಿದ್ದಾರೆ. ಆ ಜ್ಯೂಸಿನವನು ಅವರಿಗೆ ಕುರ್ಚಿ ಹಾಕಿಕೊಟ್ಟಿದ್ದಾನೆ."

"ವ್ಯಾನಿನಲ್ಲಿ ಬಟ್ಟೆ ಇದೆ ಕಣೇ."

"ಒರೆಸೋಕೆ ತಾನೆ? ಇರಲಿ ಬಿಡಿ. ಬೇಗ ಬನ್ನಿ." ಇಟ್ಟೇಬಿಟ್ಟಳು.

ಮುಂದೆ ನಾನು ಮಾಡಿದ್ದನ್ನು ಬಚ್ಚಿಡುವುದು ಎಂದು ಕರೆಯಬಾರದು. ಹತ್ತೊಂಬತ್ತು ವರ್ಷ ಸ್ಟೋರ್ ನೋಡಿಕೊಂಡವನು ವಸ್ತುಗಳನ್ನು ಒಪ್ಪವಾಗಿ ಜೋಡಿಸಿದ, ಅಷ್ಟೇ. ಒವನ್ನಿನಲ್ಲಿ ನಾಲ್ಕು, ಐಸ್ ಪೆಟ್ಟಿಗೆಯಲ್ಲಿ ಮೂರು, ನಲ್ಲಿಯ ಕೆಳಗೆ ಎರಡು, ತಟ್ಟೆಗಳ ಹಿಂದೆ ಎರಡು, ದೊಡ್ಡ ಕೊಳಗದಲ್ಲಿ ಒಂದು. ಒಟ್ಟು ಹನ್ನೆರಡು. ಅಭ್ಯಾಸಬಲದಿಂದ ಇನ್ನೊಮ್ಮೆ ಎಣಿಸಿದೆ. ಹನ್ನೆರಡೇ. ಹಿಂದಿನ ಗಾಡಿಗಳು ಕಿರುಚುತ್ತಿದ್ದವು. ಪೊಲೀಸಿನವನು ಪೈಜಾಮವನ್ನು ಮಡಚಿ ನನ್ನ ಕೈಗಿಟ್ಟು, "ಹೋಗಿ, ಹೋಗಿ, ಒಳ್ಳೇದಾಗ್ಲಿ" ಎಂದ. ಅವನ ದನಿಯಲ್ಲಿ ನಂಬಿಕೆಯಿರಲಿಲ್ಲ.

ಹತ್ತು ಐವತ್ತೆಂಟಕ್ಕೆ ಆಸ್ಪತ್ರೆಯ ಗೇಟು ತಲುಪಿದೆ. ಮೇಡಂ ಬಿಳಿ ಕೋಟು ಹಾಕಿಕೊಂಡು, ಹಲಗೆಗೆ ಕ್ಲಿಪ್ಪು ಮಾಡಿದ ಫಾರಮ್ಮು ಹಿಡಿದು ನಿಂತಿದ್ದರು. ಮಾತು ಕಡಿಮೆ. ಪೆನ್ನಿನ ತುದಿಯಿಂದ ತೋರಿಸುವುದು, ಗುರುತು ಹಾಕುವುದು, ಅಷ್ಟೇ. ಅವರ ಹಿಂದೆ ಜ್ಯೂಸಿನವನು ಊರಿನ ಒಳಿತನ್ನೇ ಬಯಸುವವನ ಮುಖ ಮಾಡಿಕೊಂಡು ನಿಂತಿದ್ದ.

"ನೀರು?" ನಲ್ಲಿ ತಿರುಗಿಸಿದೆ. ಗುರುತು.

"ಬೆಂಕಿ ಆರಿಸೋದು?" ತೋರಿಸಿದೆ. ಗುರುತು.

"ಗ್ಯಾಸು?"

"ಸಂಪರ್ಕ ಇನ್ನೂ ಕೊಟ್ಟಿಲ್ಲ ಮೇಡಂ. ನೀವು ನೋಡಿದ ಮೇಲೆ ಕೊಡಬೇಕು ಅಂತ ನಿಯಮ."

ಅವರ ಮುಖದಲ್ಲಿ ಮೆಚ್ಚುಗೆಯಂಥದ್ದೇನೋ ಸುಳಿಯಿತು. "ಎಲ್ಲಾ ಓದಿಕೊಂಡಿದ್ದೀರಿ." ಗುರುತು. ನನ್ನ ಹೆಂಡತಿ ಕಿಟಕಿಯ ಹೊರಗೆ ನಿಂತು ಉಸಿರು ಬಿಟ್ಟಳು.

"ಮೇಡಂ, ಒವನ್ನು ನೋಡಿದ್ರಾ?" ಎಂದ ಜ್ಯೂಸಿನವನು. "ಇಲಿ ಗಿಲಿ ಇರುತ್ತೆ, ಅದಕ್ಕೆ ಹೇಳಿದೆ."

"ತೆಗೀರಿ" ಎಂದರು ಮೇಡಂ.

"ಬಿಸಿ ಇದೆ ಮೇಡಂ."

"ಗ್ಯಾಸು ಕೊಟ್ಟಿಲ್ಲ ಅಂದ್ರಿ."

ಒಂದು ಸುಳ್ಳು ಹೇಳಿ ಎರಡು ಉಸಿರಿನೊಳಗೆ ಸಿಕ್ಕಿಬಿದ್ದವರಲ್ಲಿ ನಾನೇ ಮೊದಲಿಗನಿರಬೇಕು. ಅವರೇ ಹಿಡಿ ಎಳೆದರು. ಒತ್ತಿ ತುಂಬಿದ್ದ ಗಂಟುಗಳಲ್ಲಿ ಮೇಲಿನದು ಉರುಳಿ ಅವರ ಪಾದದ ಹತ್ತಿರ ಬಿತ್ತು. ಅದರಿಂದ ಒಂದು ಒಂಟಿ ಕಾಲುಚೀಲ ಹೊರಗೆ ಇಣುಕಿತು.

ಮೇಡಂ ಐಸ್ ಪೆಟ್ಟಿಗೆ ತೆರೆದರು. ನಲ್ಲಿಯ ಕೆಳಗಿನ ಬಾಗಿಲು ತೆರೆದರು. ಕೊಳಗದ ಮುಚ್ಚಳ ಎತ್ತಿ, ನೋಡಿ, ಮೆಲ್ಲಗೆ ಮತ್ತೆ ಮುಚ್ಚಿದರು.

"ನೀವು ಇಲ್ಲಿ ಮಾರೋದು ಏನು?" ಎಂದು ಕೇಳಿದರು.

ನನ್ನ ಹೆಂಡತಿ ಕಿಟಕಿಯಿಂದ ತಲೆ ಒಳಗೆ ಹಾಕಿ, ಗಂಟುಗಳನ್ನೂ ನನ್ನನ್ನೂ ನೋಡಿದಳು. "ಇದಾ ರೀ ಬಟ್ಟೆ ಅಂದಿದ್ದು?"

ಅಷ್ಟರಲ್ಲಿ ನಾಲ್ಕು ಸ್ಕೂಟರು ಬಂದು ನಿಂತವು. ಕ್ವಾರ್ಟರ್ಸಿನ ಜನ. ಲಾಂಡ್ರಿಯ ಕಡೆ ತಿರುಗಬೇಕಾದ ವ್ಯಾನು ದೊಡ್ಡ ರಸ್ತೆ ಹಿಡಿದದ್ದನ್ನು ಟೆರೇಸಿನಿಂದ ಯಾರೋ ನೋಡಿದ್ದರಂತೆ. ನೀಲಿ ವ್ಯಾನು ಎಲ್ಲಿ ಹೋಯಿತೆಂದು ದಾರಿಯುದ್ದಕ್ಕೂ ಕೇಳಿಕೊಂಡು ಬಂದಿದ್ದರು. ಮುಂದಾಳು ಒಬ್ಬ ನಿವೃತ್ತ ಮೇಷ್ಟ್ರು.

"ರಸೀದಿ ಎಲ್ಲಿ?" ಎಂದರು ಮೇಷ್ಟ್ರು. "ರಸೀದಿ ಕೊಡದೆ ಬಟ್ಟೆ ತಗೊಂಡು ಹೋಗೋದು ಅಂದ್ರೆ ಅದಕ್ಕೊಂದು ಹೆಸರಿದೆ."

"ನಾನು ತಗೊಂಡಿಲ್ಲ ಸಾರ್. ನೀವೇ ಹಾಕಿದ್ದು."

"ಹಾರ್ನು ಹೊಡೆದೋರು ಯಾರು?"

"ನಾನೇ. ಆದರೆ ತಿರುವಿಗೆ…"

"ಎಷ್ಟು ಸಲ?"

"ಮೂರು."

"ಕೇಳಿದ್ರಾ?" ಎಂದು ಮೇಷ್ಟ್ರು ಜನರ ಕಡೆ ತಿರುಗಿದರು. "ತಾನೇ ಒಪ್ಪಿಕೊಂಡ."

ಹಿಂದಿನಿಂದ ದಪ್ಪ ಕನ್ನಡಕದ ಹೆಂಗಸೊಬ್ಬರು ನುಗ್ಗಿ ಬಂದರು. "ಎಂಟು ತಿಂಗಳ ಹಿಂದೆ ನನ್ನ ಎರಡು ದಿಂಬಿನ ಚೀಲ ತಗೊಂಡು ಹೋದೋರು ಇನ್ನೂ ಕೊಟ್ಟಿಲ್ಲ. ಗುಲಾಬಿ ಬಣ್ಣದ್ದು. ಅದಕ್ಕೆ ಮೊದಲು ಉತ್ತರ ಹೇಳಿ."

"ಅಮ್ಮ, ಆಗ ಈ ವ್ಯಾನು ನನ್ನದಾಗಿರಲಿಲ್ಲ."

"ವ್ಯಾನು ಇದೇ ತಾನೆ? ನಾನು ಕೇಳ್ತಿರೋದು ವ್ಯಾನನ್ನ."

"ಮೇಡಂ, ನನ್ನ ಗಾಡಿ ಅಲ್ಲೇ ನಿಂತಿದೆ, ಸ್ವಚ್ಛವಾಗಿದೆ" ಎಂದ ಜ್ಯೂಸಿನವನು ಮೆಲುದನಿಯಲ್ಲಿ.

ಗಂಟೆ ಹನ್ನೊಂದೂವರೆ. ಮೇಡಂ ಕೈ ಎತ್ತಿದರು.

"ಚೀಟಿ ಓದ್ತೀನಿ. ಅವರವರದು ಅವರವರು ತಗೊಳ್ಳಿ. ಆಮೇಲೆ ನನ್ನ ತೀರ್ಮಾನ."

ನಾನು ಗಂಟು ಎತ್ತಿಕೊಡುವುದು, ಅವರು ಚೀಟಿ ಓದುವುದು, ಹೆಂಡತಿ ಒಳಗೆ ಬಂದು ಬಡಿಸುವ ಕಿಟಕಿಯಿಂದ ಹೊರಗೆ ಕೊಡುವುದು. "ಎರಡನೇ ಬ್ಲಾಕು, ಏಳು. ಅಂಗಿ ನಾಲ್ಕು, ಪಂಚೆ ಎರಡು, ಗಂಜಿ ಬೇಡ." ಮೇಷ್ಟ್ರು ಕೈಯೆತ್ತಿ, "ಪ್ರೆಸೆಂಟ್" ಎಂದುಬಿಟ್ಟರು. ನಗುವ ಧೈರ್ಯ ಯಾರಿಗೂ ಇರಲಿಲ್ಲ. ಬಾರದವರ ಗಂಟುಗಳನ್ನು ನೆರೆಯವರು ತೆಗೆದುಕೊಂಡರು. ಆ ಕಿಟಕಿಯಿಂದ ನಮ್ಮ ಮೊದಲ ದಿನ ಹೊರಗೆ ಹೋಗಿದ್ದು ಪಂಚೆ, ಟವಲು, ಪರದೆ. ನಾನು ಎಣಿಸುತ್ತಾ ಹೋದೆ. ಒಂಬತ್ತು, ಹತ್ತು, ಹನ್ನೊಂದು.

ಹನ್ನೆರಡನೆಯದು ಕೊಳಗದೊಳಗಿನದು. ಮೇಡಂ ಅದರ ಚೀಟಿ ಬಿಡಿಸಿದರು. ಬಾಯಿ ತೆರೆದರು. ಓದಲಿಲ್ಲ.

ನಾನು ಪಕ್ಕದಲ್ಲೇ ಇದ್ದೆ. ಬೇಕೆಂದು ನೋಡಲಿಲ್ಲ, ಅಕ್ಷರಗಳು ದಪ್ಪವಾಗಿದ್ದವು. "ನಾಲ್ಕನೇ ಬ್ಲಾಕು, ಹದಿಮೂರು. ಸೊಸೆಯ ಬಿಳಿ ಕೋಟು ಒಂದು. ಕಾಲರು ಚೆನ್ನಾಗಿ ಉಜ್ಜಬೇಕು. ವಿಪರೀತ ಕೊಳೆ." ಗಂಟಿನ ಸಂದಿಯಿಂದ ಕಂಡ ಜೇಬಿನ ಮೇಲೆ ಆರೋಗ್ಯ ಇಲಾಖೆಯ ಮುದ್ರೆಯಿತ್ತು.

ಮೇಡಂ ಅವರ ಕಿವಿ ಕೆಂಪಾಯಿತು. ಚೀಟಿ ಮುಷ್ಟಿಯೊಳಗೆ ಹೋಯಿತು. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಷ್ಟು ಭಯದಿಂದ ನನ್ನನ್ನು ಇದುವರೆಗೆ ಯಾವ ಅಧಿಕಾರಿಯೂ ನೋಡಿರಲಿಲ್ಲ. ನನಗೆ ಅವರಿಗಿಂತ ಹೆಚ್ಚು ಭಯವಾಯಿತು.

"ಅದು ಯಾರದ್ದು ಮೇಡಂ?" ಎಂದು ಜ್ಯೂಸಿನವನು ಹಿಮ್ಮಡಿ ಎತ್ತಿ ಇಣುಕಿದ.

"ನಿಮ್ಮ ಗಾಡಿ ಆ್ಯಂಬುಲೆನ್ಸ್ ದಾರಿಯಲ್ಲಿ ನಿಂತಿದೆ" ಎಂದರು ಮೇಡಂ. "ಮೊದಲು ಅದನ್ನ ತೆಗೀರಿ."

ಅವನು ಓಡಿದ. ಮೇಡಂ ಆ ಗಂಟನ್ನು ತಮ್ಮ ಚೀಲದ ಮಗ್ಗುಲಿಗಿಟ್ಟು, ಗಂಟಲು ಸರಿಮಾಡಿಕೊಂಡರು. "ಫೈಲು ಮುಚ್ಚೋದು ಹನ್ನೆರಡಕ್ಕೆ. ಈಗ ಹನ್ನೊಂದು ಮೂವತ್ತೆಂಟು. ಒಳಗೆಲ್ಲ ಕುದಿಯೋ ನೀರಲ್ಲಿ ತೊಳೆಯಬೇಕು. ಆ ಕಿಂಡಿಗೆ ಜಾಲರಿ ಹಾಕಬೇಕು. ಅಷ್ಟೂ ಆದ್ರೆ ಸಹಿ. ಆಗದಿದ್ರೆ ಇಲ್ಲ. ಒಂದು ನಿಮಿಷವೂ ಹೆಚ್ಚಿಗೆ ಕೊಡಲ್ಲ."

ಆಮೇಲಿನ ಇಪ್ಪತ್ತು ನಿಮಿಷ ಯಾರು ಯಾರಿಗೆ ಆಜ್ಞೆ ಮಾಡಿದರೋ ಗೊತ್ತಿಲ್ಲ. ಹೆಂಡತಿ ಆಸ್ಪತ್ರೆಯ ಕ್ಯಾಂಟೀನಿನಿಂದ ಕುದಿಯುವ ನೀರಿನ ಎರಡು ಬಕೆಟ್ಟು ತಂದಳು. ದಿಂಬಿನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಸರಿಯಪ್ಪ ಆ ಕಡೆ, ಉಜ್ಜೋದು ಹಾಗಲ್ಲ" ಎಂದು ನನ್ನ ಕೈಯಿಂದ ಬ್ರಷ್ಷು ಕಿತ್ತುಕೊಂಡರು. ಮೇಷ್ಟ್ರು ಗೇಟಿನಲ್ಲಿ ನಿಂತು ಗಟ್ಟಿಯಾಗಿ ಸಮಯ ಹೇಳತೊಡಗಿದರು. "ಹನ್ನೊಂದು ನಲವತ್ತಾರು. ಐಸ್ ಪೆಟ್ಟಿಗೆ ಇನ್ನೂ ಆಗಿಲ್ಲ." ನಾನು ಮೇಸ್ತ್ರಿಗೆ ಫೋನ್ ಮಾಡಿದೆ. ಅವನು ಬೈಕಿನಲ್ಲಿ ಹಾರಿ ಬಂದ.

"ಎರಡಡಿ ಜಾಲರಿ ಎಲ್ಲಿಂದ ತರ್ಲಿ ಸಾರ್? ಅಂಗಡಿಗೆ ಹೋಗಿಬರೋಕೇ ಅರ್ಧ ಗಂಟೆ."

ಹೆಂಡತಿ ಬುಟ್ಟಿಯಿಂದ ಹಿಟ್ಟಿನ ದೊಡ್ಡ ಜರಡಿ ತೆಗೆದು ಅವನ ಮುಂದೆ ಹಿಡಿದಳು. ಹದಿನಾಲ್ಕು ವರ್ಷ ಕ್ಯಾಂಟೀನಿನಲ್ಲಿ ಅವಳ ಜೊತೆಗಿದ್ದ ಜರಡಿ. ಮೇಸ್ತ್ರಿ ಅದನ್ನೂ ಕಿಂಡಿಯನ್ನೂ ಒಮ್ಮೆ ನೋಡಿದ.

"ಆಗುತ್ತೆ" ಎಂದ.

ಹನ್ನೊಂದು ಐವತ್ತಾರಕ್ಕೆ ಮೇಡಂ ಮತ್ತೆ ಒಳಗೆ ಬಂದರು. ಬೆರಳಿನಿಂದ ಕಟ್ಟೆ ಸವರಿದರು. ಒವನ್ನಿನೊಳಗೆ ಟಾರ್ಚು ಬಿಟ್ಟರು. ಜರಡಿಯನ್ನು ಕೆಳಗಿನಿಂದ ತಳ್ಳಿ ನೋಡಿದರು. ಕದಲಲಿಲ್ಲ. ಫಾರಮ್ಮಿನಲ್ಲಿ ಸರಸರನೆ ಬರೆದು ನನ್ನ ಮುಂದೆ ಹಿಡಿದರು.

"ಓದಿ ಸಹಿ ಹಾಕಿ."

ಓದದೆ ಸಹಿ ಹಾಕುವವರೂ ಇದ್ದಾರೆ. ನಾನು ಒಂದನೆಯ ಕಾಲಮ್ಮಿನಿಂದ ಶುರುಮಾಡಿದೆ.

"ಹನ್ನೊಂದು ಐವತ್ತೆಂಟು" ಎಂದರು ಮೇಷ್ಟ್ರು ಹೊರಗಿನಿಂದ. ಗಾಡಿ ಪಕ್ಕಕ್ಕೆ ನಿಲ್ಲಿಸಿದ ಜ್ಯೂಸಿನವನು ಓಡುತ್ತಾ ವಾಪಸು ಬಂದ.

ಒಂಬತ್ತನೆಯ ಕಾಲಮ್ಮಿಗೆ ಬಂದೆ. "ವಾಹನದಲ್ಲಿ ಕಂಡುಬಂದ ಆಹಾರೇತರ ವಸ್ತುಗಳು: ಬಟ್ಟೆಯ ಗಂಟು, ಹನ್ನೊಂದು. ವಾರಸುದಾರರಿಗೆ ಒಪ್ಪಿಸಿ, ವಾಹನ ಶುಚಿಗೊಳಿಸಲಾಗಿದೆ."

ಹನ್ನೊಂದು. ನನ್ನ ಪೆನ್ನು ಕಾಗದದ ಮೇಲೆ ಅರ್ಧ ಅಂಗುಲದಲ್ಲಿ ನಿಂತಿತು. ಹತ್ತೊಂಬತ್ತು ವರ್ಷ ನನ್ನ ಸ್ಟೋರಿನಲ್ಲಿ ಒಂದು ದಾರದುಂಡೆ ಲೆಕ್ಕ ತಪ್ಪಿದ್ದಿಲ್ಲ. ಎರಡು ಸಲ ಎಣಿಸಿದ್ದೆ. ಸಹಿ ಎಂದರೆ ಸಹಿ. ಬೇಡ ಬೇಡ ಎಂದು ಒಳಗೆ ಯಾರೋ ಹೇಳುತ್ತಿದ್ದರೂ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು.

"ಮೇಡಂ… ಈ ಒಂಬತ್ತನೇ ಕಾಲಮ್ಮಿನಲ್ಲಿ…"

ಮೇಡಂ ಉಸಿರಾಡುವುದನ್ನು ನಿಲ್ಲಿಸಿದರು. ಜ್ಯೂಸಿನವನು ಕಿಟಕಿಗೆ ಕಿವಿ ಕೊಟ್ಟ.

ನನ್ನ ಹೆಂಡತಿ ಬುಟ್ಟಿಯಿಂದ ಬ್ರೆಡ್ಡಿನ ದಪ್ಪ ತುಂಡೊಂದನ್ನು ತೆಗೆದು, ಸೂಪಿನಲ್ಲಿ ಅದ್ದಿ, ಪೂರ್ತಿಯಾಗಿ ನನ್ನ ಬಾಯೊಳಗೆ ತುರುಕಿದಳು.

"ಅಕ್ಷರ ಎಷ್ಟು ಮುದ್ದಾಗಿದೆ ಅಂತಿದ್ದಾರೆ ಮೇಡಂ" ಎಂದಳು. "ಸಹಿ ಹಾಕಿ ರೀ."

ಬಾಯಿ ತುಂಬಿದವನ ಆಕ್ಷೇಪಣೆಗೆ ಬೆಲೆಯಿಲ್ಲ. ಹಾಕಿದೆ. ಮೇಡಂ ನನ್ನ ಸಹಿಯ ಪಕ್ಕದಲ್ಲಿ ತಮ್ಮದನ್ನು ಹಾಕಿ, ಮುದ್ರೆ ಒತ್ತಿ, ಒಂದು ಪ್ರತಿ ಹರಿದು ಹೆಂಡತಿಯ ಕೈಗೆ ಕೊಟ್ಟು, ಗಂಟನ್ನು ಕಂಕುಳಲ್ಲಿ ಅವುಚಿಕೊಂಡು ಯಾರ ಮುಖವನ್ನೂ ನೋಡದೆ ಇಳಿದು ಹೋದರು. ಆಸ್ಪತ್ರೆಯ ಗಡಿಯಾರ ಹನ್ನೆರಡು ಹೊಡೆಯಿತು. ಹೊರಗೆ ಕಿಟಕಿಯ ಮುಂದೆ ಕ್ವಾರ್ಟರ್ಸಿನ ಜನ ಗಂಟು ಹೊತ್ತುಕೊಂಡೇ ಸಾಲು ನಿಂತಿದ್ದರು. ಉಜ್ಜಿ ತೊಳೆದು ಎಲ್ಲರಿಗೂ ಹಸಿವಾಗಿತ್ತು.

ನಾನಿನ್ನೂ ಅಗಿಯುತ್ತಿದ್ದೆ. ಬ್ರೆಡ್ಡು ಚೆನ್ನಾಗಿತ್ತು. ಉಪ್ಪು ಸರಿಯಾಗಿತ್ತು.